ಸಿಳ್ಳೆ ಹಾಕುವ ದ್ವೀಪ

ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿರುವ ನಾನು ಕೊಲಂಬಸನನ್ನು ಎಷ್ಟು ಸಲ ಹಡಗು ಹತ್ತಿಸಿದ್ದೇನೋ ಲೆಕ್ಕವಿಲ್ಲ. ನಾನು ಮಾತ್ರ ಹತ್ತಿದವಳಲ್ಲ. ನನಗೆ ಗೊತ್ತಿದ್ದ ನೀರೆಂದರೆ ನಮ್ಮೂರ ಕೆರೆ, ಶಾಲಾ ಪ್ರವಾಸದಲ್ಲಿ ಕಂಡ ಮಲ್ಪೆಯ ಕಡಲು, ಅಷ್ಟೆ. ಅಂಥವಳು 2024ರ ಬೇಸಿಗೆ ರಜೆಯಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಹತ್ತು ದಿನ ತೇಲಿ ಬಂದೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಧ ಜನ ಇನ್ನೂ ನಂಬಿಲ್ಲ.

ಅದು ನನಗಾಗಿ ಕೊಂಡ ಟಿಕೆಟ್ಟಲ್ಲ. ಇಂಗ್ಲೆಂಡಿನಲ್ಲಿರುವ ಅಕ್ಕ, ಭಾವ ತಮ್ಮ ಮದುವೆಯ ನಲವತ್ತನೆಯ ವರ್ಷಕ್ಕೆಂದು ಮೊದಲೇ ಹಣ ಕಟ್ಟಿಟ್ಟಿದ್ದರು. ಅಷ್ಟರಲ್ಲಿ ಭಾವ ತೀರಿಕೊಂಡರು. ಹಣ ವಾಪಸಿಲ್ಲ, ಹೆಸರು ಬೇಕಾದರೆ ಬದಲಿಸುತ್ತೇವೆ ಎಂದರಂತೆ. “ನೀನು ಬಾರೇ” ಎಂದಳು ಅಕ್ಕ, ಸಂತೆಗೆ ಕರೆದಷ್ಟು ಸುಲಭವಾಗಿ. ನಡುವೆ ಮೊರಾಕೊಗೆ ಹೋಗಿ ಮತ್ತೆ ಸ್ಪೇನಿನ ದ್ವೀಪಗಳಿಗೆ ಬರುವುದರಿಂದ ಒಂದೇ ಸಲ ಒಳಗೆ ಬಿಡುವ ವೀಸಾ ಸಾಲದು ಎಂಬುದರಿಂದ ಹಿಡಿದು ನೂರೆಂಟು ಕಾಗದ ಹೊಂದಿಸಿ, ಅಂತೂ ಲಿಸ್ಬನ್ನಿನಲ್ಲಿ ಅಕ್ಕನನ್ನು ಸೇರಿಕೊಂಡೆ.

ಹಡಗು ಚಿಕ್ಕದು. ನೂರೈವತ್ತು ಪ್ರಯಾಣಿಕರು ಹಿಡಿಯುವಂಥದು. ಚಿಕ್ಕದಾದಷ್ಟೂ ದುಬಾರಿಯಂತೆ! ದೊಡ್ಡ ಹಡಗು ಹೋಗಲಾರದ ಪುಟ್ಟ ಬಂದರುಗಳಿಗೂ ಇದು ಹೋಗುತ್ತದೆ. ಮೊದಲ ದಿನವೇ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ಕಲಿಸಿದರು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಆ ಮೂಟೆ ಹೊತ್ತ ನನ್ನನ್ನು ಕಂಡು, ಭಾವ ಹೋದ ಮೇಲೆ ಮೊದಲ ಸಲ ಅಕ್ಕ ನಕ್ಕಳು. ಬಡಿಸುವವರಲ್ಲಿ ಒಬ್ಬ ಗೋವಾದ ಹುಡುಗ. ನಾವು ಮಾಂಸ ತಿನ್ನುವುದಿಲ್ಲವೆಂದು ತಿಳಿದು ದಿನವೂ ಅನ್ನದ ಜೊತೆ ಬೇಳೆ ಮಾಡಿಸಿ ತಂದಿಡುತ್ತಿದ್ದ.

ಆದರೆ ಆ ಮೆತ್ತನೆಯ ಹಾಸಿಗೆಯಲ್ಲಿ ನನಗೆ ನಿದ್ದೆ ಬರಲಿಲ್ಲ. ಲಕ್ವ ಹೊಡೆದು ಅಮ್ಮ ಆರು ವರ್ಷ ಮಲಗಿದ್ದಳು. ಶಾಲೆಗೆ ಹೋಗುವ ಮೊದಲು, ಬಂದ ಮೇಲೆ, ಎಲ್ಲವನ್ನೂ ಮಾಡಿದವಳು ನಾನು. ಅಕ್ಕ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದಳು. ಅವಳು ಬಂದದ್ದು ಅಮ್ಮ ಹೋದ ಮೂರನೆಯ ದಿನ. ಈ ಹಡಗಿನ ಹತ್ತು ದಿನದ ಖರ್ಚಿನಲ್ಲಿ ಎಷ್ಟು ಸಲ ಊರಿಗೆ ಬರಬಹುದಿತ್ತು ಎಂದು ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದೆ. ಬಾಯಿ ಬಿಡಲಿಲ್ಲ. ಗಂಡನನ್ನು ಕಳೆದುಕೊಂಡವಳ ಹತ್ತಿರ ಇದನ್ನೆಲ್ಲ ಎತ್ತುವುದು ಹೇಗೆ?

ಕಾಸಾಬ್ಲಾಂಕಾದಲ್ಲಿ ಎರಡನೆಯ ಹಸನ್ ದೊರೆಯ ಹೆಸರಿನ ಮಸೀದಿ ನೋಡಿದೆವು. 1993ರಲ್ಲಿ ಪೂರ್ತಿಯಾದದ್ದು. ಒಂದು ಭಾಗ ಕಡಲಿನ ಮೇಲೆಯೇ ನಿಂತಿದೆ. ಮಿನಾರು 210 ಮೀಟರ್ ಎತ್ತರ. ಅಕ್ಕ ಕತ್ತೆತ್ತಿ ನೋಡಲೇ ಇಲ್ಲ, ನೆಲದ ಅಮೃತಶಿಲೆಯನ್ನೇ ನೋಡುತ್ತಾ ನಡೆದಳು.

ಅಲ್ಲಿಂದ ಕೆನರಿ ದ್ವೀಪಗಳಲ್ಲಿ ಒಂದಾದ ಲ್ಯಾಂಜರೋಟೆಗೆ ಹೋದೆವು. 1730ರಿಂದ 1736ರವರೆಗೆ ಅಲ್ಲಿ ಜ್ವಾಲಾಮುಖಿ ಉಗುಳುತ್ತಲೇ ಇತ್ತು. ಹೊಲಗಳೆಲ್ಲ ಬೂದಿಯಡಿ ಹೂತುಹೋದವು. ರೈತರು ಆ ಕರಿಯ ಬೂದಿಯಲ್ಲೇ ಗುಂಡಿ ತೋಡಿ, ಒಂದೊಂದು ಗುಂಡಿಗೆ ಒಂದೊಂದು ದ್ರಾಕ್ಷಿ ಬಳ್ಳಿ ನೆಟ್ಟರು. ಗಾಳಿಗೆ ಅಡ್ಡವಾಗಿ ಅರ್ಧಚಂದ್ರದ ಹಾಗೆ ಕಲ್ಲು ಪೇರಿಸಿದರು. ಮಳೆ ಅಪರೂಪವಾದ ಆ ನೆಲದಲ್ಲಿ ಬೂದಿಯೇ ತೇವವನ್ನು ಹಿಡಿದಿಟ್ಟುಕೊಂಡು ಬಳ್ಳಿಗೆ ಉಣಿಸುತ್ತದೆ. ಅಕ್ಕ ಒಂದು ಗುಂಡಿಯ ಅಂಚಿನಲ್ಲಿ ಬಹಳ ಹೊತ್ತು ಕುಳಿತಳು. ನಾನು ಕರೆಯಲಿಲ್ಲ.

ಮುಂದಿನದು ಲಾ ಗೊಮೆರಾ. 1492ರ ಸೆಪ್ಟೆಂಬರಿನಲ್ಲಿ ಕೊಲಂಬಸ್ ಗೊತ್ತಿದ್ದ ನೆಲವನ್ನು ಕೊನೆಯದಾಗಿ ಬಿಟ್ಟು ಹೊರಟದ್ದು ಈ ದ್ವೀಪದಿಂದಲೇ. ಎಷ್ಟು ಸಲ ಪಾಠ ಮಾಡಿದ್ದರೂ ಆ ಬಂದರಿನಲ್ಲಿ ಕಾಲಿಟ್ಟಾಗ ನನಗೆ ಮೈ ಜುಮ್ಮೆಂದಿತು. ಆದರೆ ಅಲ್ಲಿ ನನ್ನನ್ನು ಹಿಡಿದದ್ದು ಕೊಲಂಬಸನಲ್ಲ, ಸಿಳ್ಳೆ.

ದ್ವೀಪದ ತುಂಬ ಆಳವಾದ ಕಮರಿಗಳು. ಎದುರು ಗುಡ್ಡದಲ್ಲಿರುವವನು ಕಣ್ಣಿಗೆ ಕಾಣುತ್ತಾನೆ, ಆದರೆ ಇಳಿದು ಹತ್ತಿ ಅವನ ಬಳಿ ಹೋಗಲು ಎಷ್ಟೋ ಹೊತ್ತು ಬೇಕು. ಅದಕ್ಕೇ ಅಲ್ಲಿಯ ಜನ ಮಾತನ್ನೇ ಸಿಳ್ಳೆಯಾಗಿಸಿದ್ದಾರೆ. ಬರಿಯ ಸನ್ನೆಯಲ್ಲ, ಪೂರಾ ಸ್ಪ್ಯಾನಿಷ್ ಮಾತು. ಬೆರಳನ್ನು ಮಡಿಸಿ ಬಾಯಲ್ಲಿಟ್ಟು ಊದಿದರೆ ಎರಡು ಮೂರು ಕಿಲೋಮೀಟರ್ ಆಚೆಯವರಿಗೂ ಕೇಳುತ್ತದೆ. ಟೆಲಿಫೋನು ಬಂದ ಮೇಲೆ ಇದು ಅಳಿಯುತ್ತಾ ಬಂದಿತ್ತು. 1999ರಿಂದ ಶಾಲೆಗಳಲ್ಲಿ ಕಡ್ಡಾಯ ಪಾಠ ಮಾಡಿ ಉಳಿಸಿಕೊಂಡರು. 2009ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಪರಂಪರೆ ಎಂದು ಮನ್ನಿಸಿತು. ಸಿಳ್ಳೆ ಹಾಕಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಅಲ್ಲಿ ಸಿಳ್ಳೆ ಕಲಿಸುವುದಕ್ಕೇ ಮೇಷ್ಟರು!

ಊಟದ ಮನೆಯಲ್ಲಿ ಒಬ್ಬಾತ ನನ್ನ ಕನ್ನಡಕವನ್ನು ತೆಗೆದು ದೂರದ ಮೇಜಿನವರ ಚೀಲದಲ್ಲಿ ಅಡಗಿಸಿದ. ಹೊರಗಿದ್ದ ಹೆಂಗಸನ್ನು ಒಳಗೆ ಕರೆದು ಬರೇ ಸಿಳ್ಳೆ ಹಾಕಿದ. ಆಕೆ ನೆಟ್ಟಗೆ ಆ ಚೀಲಕ್ಕೆ ಕೈ ಹಾಕಿ, ಕನ್ನಡಕ ತಂದು ನನ್ನ ಮೂಗಿನ ಮೇಲೆ ಇಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ತಟ್ಟಲಿಲ್ಲ.

ಆ ರಾತ್ರಿ ಹಡಗು ಮಡೀರಾದ ಕಡೆ ಹೊರಟಿತ್ತು. ಡೆಕ್ಕಿನ ಕಟಕಟೆ ಹಿಡಿದು ನಿಂತಿದ್ದ ಅಕ್ಕ ಹೇಳಿದಳು: “ನೀನು ಒಂದೇ ಒಂದು ಸಲ ಸಿಳ್ಳೆ ಹಾಕಿದ್ದರೆ ನಾನು ಬರುತ್ತಿದ್ದೆ ಕಣೇ.”

ನನಗೆ ಸಿಟ್ಟು ಬಂತು. “ಹೆತ್ತ ತಾಯಿಯನ್ನು ನೋಡುವುದಕ್ಕೆ ಕರೆಯಬೇಕಿತ್ತೇ?” ಎಂದೆ.

“ಪ್ರತಿ ಭಾನುವಾರ ಕೇಳುತ್ತಿದ್ದೆನಲ್ಲ? ಅಮ್ಮ ಚೆನ್ನಾಗಿದ್ದಾಳೆ, ನಾನಿದ್ದೇನೆ, ನೀನು ಬರಬೇಕಾಗಿಲ್ಲ ಎನ್ನುತ್ತಿದ್ದೆ. ಅದನ್ನೇ ನಂಬಿಕೊಂಡೆ. ನಂಬುವುದೇ ಸುಲಭವಾಗಿತ್ತು, ಅದು ನನ್ನ ತಪ್ಪು.”

ನಾನು ಉತ್ತರ ಹುಡುಕಿದೆ, ಸಿಗಲಿಲ್ಲ. ಹೌದು, ಹಾಗೇ ಹೇಳಿದ್ದೆ. ಸಾಕಾಗಿ ಅಡುಗೆಮನೆಯಲ್ಲಿ ಅತ್ತ ರಾತ್ರಿಗಳಲ್ಲೂ ಹಾಗೇ ಹೇಳಿದ್ದೆ. ಒಬ್ಬಳೇ ಮಾಡಿದೆ ಎಂಬ ಹೆಮ್ಮೆ ನನಗೂ ಬೇಕಾಗಿತ್ತೇನೋ. ಕೊನೆಗೆ ಕೇಳಿದೆ: “ಭಾವನಿಗೆ ಹುಷಾರಿಲ್ಲದಾಗ ನೀನಾದರೂ ಏನು ಹೇಳಿದೆ? ಎಲ್ಲ ಸರಿಯಾಗಿದೆ ಅಂತ ತಾನೆ?”

ಅಕ್ಕ ನನ್ನ ಭುಜಕ್ಕೆ ತಲೆ ಆನಿಸಿದಳು. ಗಾಳಿ ಜೋರಾಗಿತ್ತು. ಯಾರು ಅಳುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಮರುದಿನ ಮಡೀರಾದ ಹಸಿರು ಗುಡ್ಡದ ಮೇಲೆ ಇಬ್ಬರೂ ಬೆರಳು ಮಡಿಸಿ ಬಾಯಿಗಿಟ್ಟು ಊದಿದೆವು. ಬಂದದ್ದು ಬರೀ ಗಾಳಿ ಮತ್ತು ಎಂಜಲು. ಪಕ್ಕದಲ್ಲಿದ್ದವರು ನಮ್ಮನ್ನು ವಿಚಿತ್ರವಾಗಿ ನೋಡಿದರು.

ಈಗಲೂ ಭಾನುವಾರ ಅಕ್ಕನ ಫೋನು ಬರುತ್ತದೆ. ಮೊದಲಿನಂತೆ “ಚೆನ್ನಾಗಿದ್ದೇನೆ” ಎಂದು ಶುರು ಮಾಡುವುದಿಲ್ಲ. ನಾನು ಮಂಡಿ ನೋವಿನಿಂದ ಶುರು ಮಾಡುತ್ತೇನೆ. ಅವಳು ರಾತ್ರಿ ನಿದ್ದೆ ಬಾರದ್ದನ್ನು ಹೇಳುತ್ತಾಳೆ. ಬರುವ ದೀಪಾವಳಿಗೆ ಬಾ ಎಂದು ಕರೆದಿದ್ದೇನೆ. ಟಿಕೆಟ್ ಆಗಿದೆಯಂತೆ.