ಬಾರ್ಬಡೋಸಿನಲ್ಲಿ ಒಂದು ಹಗಲು

ಪರಸ್ಥಳದಲ್ಲಿ ಸಂಚರಿಸುವವರಿಗೆ ನೋಟುಗಳಿಗಿಂತಲೂ ಚಿಲ್ಲರೆಯೇ ಮುಖ್ಯವೆಂದರೆ ವಾಚಕರು ನಕ್ಕಾರು. ಆದರೆ ನಮ್ಮ ಅನುಭವಕ್ಕೆ ಬಂದುದು ಅದೇ. ಏಳು ಡಾಲರುಗಳ ಚಿಲ್ಲರೆ ನಮ್ಮಲ್ಲಿ ಇಲ್ಲದೆಹೋದುದರಿಂದಲೇ ಒಂದು ದೇಶದ ಬಾಗಿಲು ನಮಗೆ ತೆರೆಯಿತು.

2024ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ನಾವು ದಂಪತಿಗಳು ವಿಹಾರದ ಹಡಗೊಂದರಲ್ಲಿ ಕುಳಿತು ಕರೀಬಿಯನ್ ಸಮುದ್ರದ ದ್ವೀಪಗಳನ್ನು ನೋಡುತ್ತ ಹೋಗುತ್ತಿದ್ದೆವು. ಇಂಥ ಹಡಗು ರಾತ್ರಿಯೆಲ್ಲ ಸಾಗಿ ಬೆಳಗ್ಗೆ ಒಂದು ರೇವನ್ನು ಸೇರುವುದು. ಸಂಜೆಗೆ ಅದನ್ನು ಬಿಡುವುದು. ನಡುವಣ ಏಳೆಂಟು ಘಂಟೆಗಳಲ್ಲಿ ಊರನ್ನು ತೋರಿಸಿಕೊಂಡು ಬರಲು ಹಡಗಿನವರೇ ಮೋಟಾರು ಗೊತ್ತುಮಾಡುತ್ತಾರೆ. ಅವರೊಡನೆ ಹೋದವರಿಗೆ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ತಮ್ಮಷ್ಟಕ್ಕೆ ತಾವು ಹೋದವರಿಗಾಗಿ ಕಾಯುವುದಿಲ್ಲ. ಹಡಗನ್ನು ತಪ್ಪಿಸಿಕೊಂಡವರು ಸ್ವಂತ ವೆಚ್ಚದಿಂದ ಮುಂದಿನ ರೇವಿಗೆ ಹೋಗಿ ಸೇರಿಕೊಳ್ಳಬೇಕು. ಈ ಭಯದಿಂದ ಮೊದಲ ಎರಡು ದ್ವೀಪಗಳಲ್ಲಿ ನಾವು ಗುಂಪಿನೊಡನೆ ಹೋಗಿ ಗುಂಪಿನೊಡನೆಯೇ ಬಂದೆವು. ಮೂರನೆಯ ದಿನ ನಮ್ಮ ಗೃಹಿಣಿ, "ಹಡಗಿನಲ್ಲಿರುವವರ ಮುಖವನ್ನೇ ದಡದ ಮೇಲೂ ನೋಡುವುದಾದರೆ ಇಳಿಯುವುದೇಕೆ? ಇವೊತ್ತು ಊರಿನವರು ಹೋಗುವ ಬಸ್ಸಿನಲ್ಲಿ ನಾವೂ ಹೋಗೋಣ ಬನ್ನಿ" ಎಂದಳು.

ಅಂದು ಹಡಗು ನಿಂತಿದ್ದುದು ಬಾರ್ಬಡೋಸಿನಲ್ಲಿ. ಈ ದ್ವೀಪಗಳಲ್ಲೆಲ್ಲ ತೀರ ಪೂರ್ವಕ್ಕಿರುವುದು ಇದೇ. ಉದ್ದ ಸುಮಾರು 34 ಕಿಲೋಮೀಟರು, ಅಗಲ 23. ಇಂಗ್ಲಿಷರು 1627ರಲ್ಲಿ ಇಲ್ಲಿ ನೆಲೆಯೂರಿದರು; 1966ರ ನವೆಂಬರ್ 30ರಂದು ಸ್ವಾತಂತ್ರ್ಯ ಬಂದಿತು; 2021ರಲ್ಲಿ ಅದೇ ತಾರೀಖಿನಂದು ದೇಶವು ಗಣರಾಜ್ಯವಾಯಿತು. ಸಂಜೆ ನಾಲ್ಕೂವರೆಗೆ ಎಲ್ಲರೂ ಹಡಗಿನ ಮೇಲಿರತಕ್ಕದ್ದೆಂದು ಆಜ್ಞೆಯಾಗಿತ್ತು. ನಾವು ಎಂಟೂವರೆಗೆ ಇಳಿದು, ಬ್ರಿಜ್‌ಟೌನ್ ಪಟ್ಟಣಕ್ಕೆ ನಡೆದೇ ಹೋದೆವು. ಹವಳದ ಕಲ್ಲಿನಿಂದ ಕಟ್ಟಿದ ಶಾಸನಸಭೆಯ ಕಟ್ಟಡವನ್ನು ನೋಡಿ, ದೋಣಿಗಳು ತುಂಬಿದ ಕಿರುಗಾಲುವೆಯ ಸೇತುವೆಯನ್ನು ದಾಟಿ, ಫೇರ್‌ಚೈಲ್ಡ್ ಬೀದಿಯ ನಿಲ್ದಾಣದಲ್ಲಿ ಬ್ಯಾತ್‌ಷೀಬ ಎಂಬ ಪೂರ್ವ ತೀರದ ಹಳ್ಳಿಯ ಬಸ್ಸನ್ನು ಹಿಡಿದೆವು.

ಬಸ್ಸನ್ನು ಹತ್ತುವ ಪ್ರತಿಯೊಬ್ಬರೂ, ಯಾರ ಪರಿಚಯವಿರಲಿ ಇಲ್ಲದಿರಲಿ, ಒಳಗಿದ್ದವರಿಗೆಲ್ಲ ಸುಪ್ರಭಾತವನ್ನು ಹೇಳಿಯೇ ಕುಳಿತುಕೊಳ್ಳುತ್ತಿದ್ದರು. ನಾವೂ ಹಾಗೆಯೇ ಹೇಳಿ ಇಪ್ಪತ್ತು ಅಮೆರಿಕನ್ ಡಾಲರಿನ ನೋಟನ್ನು ಮುಂದಕ್ಕೆ ಚಾಚಿದೆವು. ದ್ವೀಪದ ಎರಡು ಡಾಲರಿಗೆ ಅಮೆರಿಕದ ಒಂದು ಡಾಲರು ಸಮ. ಅಂಗಡಿಗಳಲ್ಲಿ ಎರಡೂ ನಡೆಯುವುವು. ಆದರೆ ಸರಕಾರದ ಬಸ್ಸಿನಲ್ಲಿ ಚಿಲ್ಲರೆಯನ್ನು ಹಿಂದಿರುಗಿಸುವ ಪದ್ಧತಿಯೇ ಇಲ್ಲ. ತಲೆಗೆ ಮೂರೂವರೆ ಡಾಲರನ್ನು ಸರಿಯಾಗಿ ಕೊಡಬೇಕು. ಹಿಂದೆ ಜನ ಕಾಯುತ್ತಿದ್ದರು. ಇಳಿದುಬಿಡೋಣವೆಂದು ನಾವು ತಿರುಗುವಷ್ಟರಲ್ಲಿ, ಮುಂದಿನ ಪೀಠದಲ್ಲಿ ಕುಳಿತಿದ್ದ ವೃದ್ಧೆಯೊಬ್ಬಳು ಎದ್ದುಬಂದು, ತನ್ನ ಕೈಚೀಲದಿಂದ ಏಳು ಡಾಲರುಗಳನ್ನು ಎಣಿಸಿ ಕೊಟ್ಟು, ನಮ್ಮ ಗೃಹಿಣಿಯನ್ನು ಕೈಹಿಡಿದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ನೋಟನ್ನು ಎಷ್ಟು ಮುಂದೆ ಚಾಚಿದರೂ ಆಕೆ ಮುಟ್ಟಲಿಲ್ಲ.

ದಾರಿಯ ಎರಡು ಕಡೆಗಳಲ್ಲಿಯೂ ಕಬ್ಬಿನ ಗದ್ದೆಗಳು; ಕಟಾವಿನ ಕಾಲ. ನಡುನಡುವೆ ಮೊಂಡಾದ ಕಲ್ಲಿನ ಗೋಪುರಗಳು. ಇವು ಕಬ್ಬನ್ನು ಅರೆಯುತ್ತಿದ್ದ ಗಾಳಿಯಂತ್ರಗಳ ಅವಶೇಷಗಳು. ಹತ್ತೊಂಬತ್ತನೆಯ ಶತಮಾನದ ನಡುವೆ ಇಷ್ಟು ಸಣ್ಣ ದ್ವೀಪದಲ್ಲಿ ಇಂಥವು ಸುಮಾರು ಐನೂರಿದ್ದುವು. ಮಂಡ್ಯದ ಸೀಮೆಯನ್ನು ನೋಡಿ ಬೆಳೆದ ನಮಗೆ ಕಬ್ಬು ಹೊಸತಲ್ಲ. ಕಣ್ಣಿಗೆ ಹೊಸತಾಗಿ ಕಂಡುದು ರಸ್ತೆಯ ಬದಿಯ ಪುಟ್ಟ ಮರದ ಮನೆಗಳು. ಕೆಲವಕ್ಕೆ ತಳಪಾಯವಿಲ್ಲ; ಬಿಡಿಗಲ್ಲುಗಳ ಮೇಲೆ ಪೆಟ್ಟಿಗೆಯನ್ನು ಇಟ್ಟಂತೆ ಕೂತಿವೆ. ಕಾರಣವನ್ನು ಕೇಳಿದುದಕ್ಕೆ ವೃದ್ಧೆಯು, "ಮನೆ ನಮ್ಮದು, ನೆಲ ತೋಟದ ದೊರೆಯದು. ಅದಕ್ಕೇ ಹಾಗೆ" ಎಂದಳು.

ಈ ಮನೆಗೆ ಅಲ್ಲಿನವರು ಚಾಟಲ್ ಮನೆಯೆನ್ನುತ್ತಾರೆ. ಚಾಟಲ್ ಎಂದರೆ ಚರಸ್ವತ್ತು. ಒಂದು ಕಾಲದ ಕಾನೂನು ಮನುಷ್ಯರನ್ನೇ ಚರಸ್ವತ್ತೆಂದು ಎಣಿಸಿತ್ತು. ಆಫ್ರಿಕದಿಂದ ಹಿಡಿದು ತಂದವರ ಮತ್ತು ಅವರ ಸಂತತಿಯವರ ದುಡಿಮೆಯಿಂದ ಸಕ್ಕರೆ ಬೆಳೆಯಿತು. 1834ರಲ್ಲಿ ದಾಸ್ಯ ರದ್ದಾದಾಗ ಈ ಒಂದೇ ದ್ವೀಪದಲ್ಲಿ ಸುಮಾರು 83,000 ದಾಸರಿದ್ದರು. ಪೂರ್ಣ ಬಿಡುಗಡೆಗೆ ಅವರು 1838ರವರೆಗೂ ಕಾಯಬೇಕಾಯಿತು. ಬ್ರಿಟಿಷ್ ಸರಕಾರವು ತನ್ನ ವಸಾಹತುಗಳ ಒಡೆಯರಿಗೆಲ್ಲ ಸೇರಿಸಿ ಎರಡು ಕೋಟಿ ಪೌಂಡು ಪರಿಹಾರವನ್ನು ಗೊತ್ತುಮಾಡಿತು. ದುಡಿದವರಿಗೆ ಒಂದು ಕಾಸೂ ಇಲ್ಲ. ನೆಲವೆಲ್ಲ ತೋಟದವರದೇ ಆದುದರಿಂದ ಬಿಡುಗಡೆ ಹೊಂದಿದವರು ಅಲ್ಲಿಯೇ ಬಾಡಿಗೆಗೆ ನಿಂತರು. ಒಡೆಯ ಮುನಿದರೆ ಮನೆಯನ್ನು ಬಿಚ್ಚಿ ಗಾಡಿಗೇರಿಸಿ ಬೇರೆ ಕಡೆಗೆ ಹೊರಡಬೇಕು. ಆ ವೃದ್ಧೆಯೇ ಬಾಲ್ಯದಲ್ಲಿ ಹಾಗೆ ಹೋದವಳು. ಬೆಳಗ್ಗೆ ಎದ್ದ ಮನೆಯಲ್ಲಿಯೇ ರಾತ್ರಿಯೂ ಮಲಗಿದೆ, ಆದರೆ ಊರು ಬೇರೆಯಾಗಿತ್ತು ಎಂದು ಹೇಳಿ ನಕ್ಕಳು. ಬಾಡಿಗೆಯವರು ತಾವಿರುವ ನೆಲವನ್ನು ಕೊಳ್ಳಬಹುದೆಂದು 1980ರಲ್ಲಿ ಕಾಯಿದೆಯಾದ ಮೇಲೆ ಆಕೆಯ ಮನೆಯವರೂ ಕೊಂಡರಂತೆ. "ಮೊದಲು ಕಲ್ಲುಗಳನ್ನು ತೆಗೆಸಿ ಗಾರೆ ಹಾಕಿಸಿದೆವು" ಎಂದಳು. ಆ ಮಾತನ್ನು ಆಡುವಾಗ ಆಕೆ ನಗಲಿಲ್ಲ.

ನಮ್ಮ ಗೃಹಿಣಿಯು ಚೀಲದಿಂದ ಕೋಡುಬಳೆಯನ್ನು ತೆಗೆದು ಕೊಟ್ಟಳು. ಆಕೆ ಒಂದನ್ನು ತಿಂದು, ತನ್ನ ಚೀಲದಿಂದ ಸಕ್ಕರೆಯಲ್ಲಿ ಹೊರಳಿಸಿದ ಕಂದು ಬಣ್ಣದ ಉಂಡೆಗಳನ್ನು ಕೊಟ್ಟಳು. ಬಾಯಿಗೆ ಹಾಕಿದರೆ ಹುಣಸೆಹಣ್ಣು! ಆಮೇಲೆ ಅವರಿಬ್ಬರ ಮಾತು ಅಡಿಗೆಯ ಮನೆಯನ್ನು ಹೊಕ್ಕಿತು. ನಾವು ಕಿಟಕಿಯ ಹೊರಗೆ ನೋಡುತ್ತ ಕುಳಿತೆವು.

ಬ್ಯಾತ್‌ಷೀಬದ ತೀರವು ವಿಚಿತ್ರವಾದುದು. ಮೇಲಿನ ದಿಬ್ಬಗಳಿಂದ ಕಳಚಿ ಬಿದ್ದ ಸುಣ್ಣಕಲ್ಲಿನ ಬಂಡೆಗಳ ಬುಡವನ್ನು ಅಲೆಗಳು ಸವೆಯಿಸಿ ಅಣಬೆಗಳಂತೆ ಮಾಡಿವೆ. ಎದುರಿಗೆ ಅಟ್ಲಾಂಟಿಕ್ ಮಹಾಸಾಗರ. ನೇರ ಪೂರ್ವಕ್ಕೆ ಹೋದರೆ ಮುಂದೆ ಸಿಕ್ಕುವ ಖಂಡ ಆಫ್ರಿಕ. ಸೆಳೆತವು ಬಲವಾದುದರಿಂದ ಇಲ್ಲಿ ಈಜುವುದು ಅಪಾಯ. 1881ರಲ್ಲಿ ಆರಂಭವಾಗಿ 1937ರಲ್ಲಿ ನಿಂತುಹೋದ ರೈಲು ಈ ದಡದಲ್ಲಿಯೇ ಓಡುತ್ತಿದ್ದಿತು. ಆಕೆಯನ್ನು ಬೀಳ್ಕೊಟ್ಟು ನಾವು ಎರಡು ಘಂಟೆಗಳ ಕಾಲ ಸುತ್ತಾಡಿದೆವು. ಬೆಳಗ್ಗೆ ಆ ಮನೆಗಳ ಕಥೆಯನ್ನು ಕೇಳದಿದ್ದರೆ ಆ ಸಮುದ್ರವನ್ನು ಸುಂದರವೆಂದಷ್ಟೇ ಹೇಳಿ ಬರುತ್ತಿದ್ದೆವು.

ಒಂದೂವರೆಗೆ ಬರಬೇಕಾದ ಬಸ್ಸು ಎರಡಾದರೂ ಬರಲಿಲ್ಲ. ನಿಲ್ದಾಣದ ಫಲಕಗಳಲ್ಲಿ ಕೆಲವು ಪಟ್ಟಣಕ್ಕೆ ಹೋಗುವ ಬಸ್ಸಿಗೆ, ಕೆಲವು ಪಟ್ಟಣದಿಂದ ಬರುವುದಕ್ಕೆ ಎಂಬುದನ್ನು ಗಮನಿಸದೆ ನಾವು ತಪ್ಪು ಬದಿಯಲ್ಲಿ ನಿಂತಿದ್ದೆವು. ಮೀನುಗಾರನೊಬ್ಬನು ಕೈಬೀಸಿ ನಮ್ಮನ್ನು ಈಚೆಗೆ ಕರೆದನು. ಎರಡೂವರೆಯಾಯಿತು. ಹಡಗು ನಮ್ಮನ್ನು ಬಿಟ್ಟು ಹೋಗುವ ಚಿತ್ರವನ್ನು ನಾವು ಮನಸ್ಸಿನಲ್ಲಿ ಹತ್ತು ಸಾರಿ ಕಂಡೆವು. ಗೃಹಿಣಿಯು ಮಾತ್ರ, "ಮನೆಯನ್ನೇ ಗಾಡಿಗೇರಿಸಿಕೊಂಡು ಹೋದ ಜನ ಇವರು. ನಾವು ಎರಡು ಪೆಟ್ಟಿಗೆಗಾಗಿ ಹೆದರುವುದೆ?" ಎಂದಳು. ಎರಡು ಮುಕ್ಕಾಲಕ್ಕೆ ಬಸ್ಸು ಬಂದಿತು. ನಾಲ್ಕು ಘಂಟೆ ಹತ್ತು ನಿಮಿಷಕ್ಕೆ ಹಡಗನ್ನು ಹತ್ತಿದೆವು.

ಹೀಗೆ ಹೋಗಬಯಸುವವರು ದೂರದ ಸ್ಥಳವನ್ನು ಮೊದಲು ನೋಡಿ, ಹತ್ತಿರದ್ದನ್ನು ಕೊನೆಗೆ ಇಟ್ಟುಕೊಳ್ಳಲಿ. ಹಡಗಿನ ಗಡಿಯಾರಕ್ಕೂ ದ್ವೀಪದ ಗಡಿಯಾರಕ್ಕೂ ಕೆಲವು ವೇಳೆ ವ್ಯತ್ಯಾಸವಿರುವುದರಿಂದ ಇಳಿಯುವಾಗಲೇ ಕೇಳಿ ತಿಳಿಯಲಿ. ರಹದಾರಿಯ ನಕಲನ್ನೂ ರೇವಿನಲ್ಲಿರುವ ಹಡಗಿನ ಪ್ರತಿನಿಧಿಯ ವಿಳಾಸವನ್ನೂ ಜೇಬಿನಲ್ಲಿಟ್ಟುಕೊಳ್ಳಲಿ. ಚಿಲ್ಲರೆಯನ್ನು ಮರೆಯದಿರಲಿ.

ಆ ರಾತ್ರಿ ಊಟದ ಮೇಜಿನಲ್ಲಿ ಪ್ರತಿಯೊಬ್ಬರೂ ಏನನ್ನು ಎಷ್ಟಕ್ಕೆ ಕೊಂಡೆವೆಂಬುದನ್ನು ಹೇಳುತ್ತಿದ್ದರು. ನಾವು ಕೊಂಡುದು ಏನೂ ಇರಲಿಲ್ಲ. ಏಳು ಡಾಲರು ಸಾಲ ಮಾತ್ರ ಮಾಡಿ ಬಂದಿದ್ದೆವು. ಊರಿಗೆ ಬಂದ ಮೇಲೆ ನಮ್ಮ ಗೃಹಿಣಿಯು ಬಸ್ಸಿನಲ್ಲಿ ಹೋಗುವಾಗಲೆಲ್ಲ ಒಂದು ಸಣ್ಣ ಚೀಲದಲ್ಲಿ ಚಿಲ್ಲರೆಯನ್ನು ಇಟ್ಟುಕೊಂಡಿರುತ್ತಾಳೆ. ಚಿಲ್ಲರೆಯಿಲ್ಲದೆ ತಡವರಿಸುವವರನ್ನು ಕಂಡರೆ ತಾನೇ ಕೊಟ್ಟುಬಿಡುತ್ತಾಳೆ. ಸಾಲ ತೀರಿತೇ ಎಂದು ನಾವು ಆಗಾಗ್ಗೆ ಕೇಳುವುದುಂಟು. ಇನ್ನೂ ಇಲ್ಲವೆಂದೇ ಆಕೆಯ ಲೆಕ್ಕ.