ಡೇರೆ ಹಾಕಿದವರು

ಯುದ್ಧ ಮಾಡಿದವರಿಗೆ ಕತೆ ಇರುತ್ತೆ. ಹೆಣ ಎತ್ತಿದವರಿಗೆ, ಡೇರೆ ಹಾಕಿದವರಿಗೆ, ನೀರು ಹೊತ್ತವರಿಗೆ ಕತೆ ಇರಲ್ಲ. ಇದನ್ನ ನಮಗೆ ಯಾರೂ ಪುಸ್ತಕ ಹಿಡಿದು ಹೇಳಿಕೊಡಬೇಕಾಗಿಲ್ಲ. ನಮ್ಮ ಅಪ್ಪಂದಿರು ಊರಹಬ್ಬಕ್ಕೆ ಚಪ್ಪರದ ಗಳ ಹೊತ್ತು, ಗುಂಡಿ ತೋಡಿ, ಹಬ್ಬದ ದಿನ ದೂರ ನಿಂತವರು. ಅದಕ್ಕೇ ಅಮೆರಿಕದ ಗೆಟ್ಟಿಸ್‌ಬರ್ಗ್ ಅನ್ನೋ ಊರಿನ ಸೈನಿಕರ ಕೂಟದ ಚಿತ್ರಗಳನ್ನು ನೋಡುವಾಗ ನಮ್ಮ ಕಣ್ಣು ಪದಕ ತೊಟ್ಟ ಎದೆಗಳ ಮೇಲೆ ನಿಲ್ಲಲಿಲ್ಲ. ಕಂಬಳಿ ಹಂಚುತ್ತಿದ್ದ ಕೈಗಳ ಮೇಲೆ ನಿಂತಿತು.

ಅಲ್ಲಿ 1863ರ ಜುಲೈ 1ರಿಂದ 3ರವರೆಗೆ ಮೂರು ದಿನ ಯುದ್ಧ ನಡೆಯಿತು. ಎರಡೂ ಕಡೆಯಿಂದ ಸತ್ತವರು, ಗಾಯಗೊಂಡವರು, ಕಾಣೆಯಾದವರು, ಸೆರೆಸಿಕ್ಕವರು ಸೇರಿ ಸುಮಾರು 50,000 ಜನ. ಐವತ್ತು ವರ್ಷ ಕಳೆದ ಮೇಲೆ, 1913ರಲ್ಲಿ, ಅದೇ ಹೊಲಗಳಲ್ಲಿ ಡೇರೆಗಳ ಒಂದು ಊರೇ ಎದ್ದಿತು. ಉತ್ತರದವರು, ದಕ್ಷಿಣದವರು ಸೇರಿ 53,000ಕ್ಕೂ ಹೆಚ್ಚು ಮುದುಕ ಸೈನಿಕರು ಬಂದರು. ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಜುಲೈ 3ರಂದು, ಹಿಂದೆ ಒಬ್ಬರನ್ನೊಬ್ಬರು ಕೊಂದ ಕಲ್ಲುಗೋಡೆಯ ಬಳಿಯೇ ಕೈಕುಲುಕಿದರು. ಮಾರನೆಯ ದಿನ ಅಧ್ಯಕ್ಷ ವುಡ್ರೋ ವಿಲ್ಸನ್ ಬಂದು, ನಾವೆಲ್ಲ ಅಣ್ಣತಮ್ಮಂದಿರು, ಹಳೇ ಜಗಳ ಮರೆತಾಯ್ತು ಎಂಬ ಅರ್ಥದಲ್ಲಿ ಮಾತಾಡಿದರು.

ಜಗಳ ಯಾತಕ್ಕೆ ಆಗಿತ್ತು? ಗುಲಾಮಗಿರಿಗೆ. ಆ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಅದೇ ವರ್ಷ ಅವರದೇ ಸರ್ಕಾರ ಅಂಚೆ ಇಲಾಖೆಯಲ್ಲೂ ಖಜಾನೆಯಲ್ಲೂ ಕಪ್ಪು ನೌಕರರನ್ನು ಬಿಳಿಯರಿಂದ ಬೇರೆ ಕೂರಿಸತೊಡಗಿತ್ತು. ಉತ್ತರದ ಸೇನೆಯಲ್ಲಿ ಸುಮಾರು 1,80,000 ಕಪ್ಪು ಯೋಧರು ಬಂದೂಕು ಹಿಡಿದಿದ್ದರು. ಆದರೆ ಈ ಕೂಟದಲ್ಲಿ ಕಪ್ಪು ಜನ ಎದ್ದು ಕಾಣುವುದು ಕೂಲಿಗಳಾಗಿ. ಡೇರೆ ಎತ್ತುತ್ತಾ, ಕಂಬಳಿ ಹಂಚುತ್ತಾ. ಅಣ್ಣತಮ್ಮಂದಿರ ಲೆಕ್ಕಕ್ಕೆ ಅವರು ಸೇರಿರಲಿಲ್ಲ.

ಆ ನೆಲ ಯಾರದ್ದಾಗಿತ್ತು ಅಂತಲೂ ಕೇಳಬೇಕಲ್ಲ? ಆ ಕಲ್ಲುಗೋಡೆಯ ಪಕ್ಕದಲ್ಲೇ ಆಬ್ರಹಾಂ ಬ್ರಯಾನ್ ಎಂಬ ಕಪ್ಪು ರೈತನ ಹನ್ನೆರಡು ಎಕರೆ ಇತ್ತು. 1863ರಲ್ಲಿ ದಕ್ಷಿಣದ ಸೇನೆ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದಾಗ ಸ್ವತಂತ್ರರಾಗಿದ್ದ ಕಪ್ಪು ಜನರನ್ನೂ ಹಿಡಿದು ಗುಲಾಮರನ್ನಾಗಿ ಎಳೆದೊಯ್ಯುತ್ತಿತ್ತು. ಬ್ರಯಾನ್ ಹೆಂಡತಿ ಮಕ್ಕಳನ್ನು ಕರಕೊಂಡು ಊರು ಬಿಟ್ಟ. ವಾಪಸ್ ಬಂದಾಗ ಬೆಳೆ ಇಲ್ಲ, ಬೇಲಿ ಇಲ್ಲ. 1,028 ಡಾಲರ್ ನಷ್ಟ ಆಗಿದೆ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ. ಸಿಕ್ಕಿದ್ದು 15 ಡಾಲರ್.

ಇನ್ನೊಬ್ಬ ಬೇಸಿಲ್ ಬಿಗ್ಸ್. ಯುದ್ಧ ಮುಗಿದ ಮೇಲೆ ಹೊಲಗಳಲ್ಲಿ ಅರೆಬರೆ ಹೂತಿದ್ದ ಉತ್ತರದ ಸೈನಿಕರ ಹೆಣಗಳನ್ನು ಅಗೆದು ತೆಗೆದು, ಪೆಟ್ಟಿಗೆಗೆ ತುಂಬಿ, ರಾಷ್ಟ್ರೀಯ ಸ್ಮಶಾನಕ್ಕೆ ಸಾಗಿಸಿದವನು ಅವನು, ಅವನ ಜೊತೆಯ ಕಪ್ಪು ಆಳುಗಳು. ಮೂರು ಸಾವಿರಕ್ಕೂ ಹೆಚ್ಚು ಹೆಣ. 1863ರ ನವೆಂಬರ್ 19ರಂದು ಲಿಂಕನ್ ಬಂದು ಭಾಷಣ ಮಾಡಿದಾಗ ಈ ಕೆಲಸ ಇನ್ನೂ ನಡೀತಾ ಇತ್ತು. ಭಾಷಣ ಲೋಕಕ್ಕೆಲ್ಲ ಬಾಯಿಪಾಠ. ಗುದ್ದಲಿ ಹಿಡಿದವನ ಹೆಸರು ಎಷ್ಟು ಜನಕ್ಕೆ ಗೊತ್ತು? ಅವನು ಮಣ್ಣಾದದ್ದು ಕಪ್ಪು ಜನ 1867ರಲ್ಲಿ ತಾವೇ ಮಾಡಿಕೊಂಡ ಲಿಂಕನ್ ಸ್ಮಶಾನದಲ್ಲಿ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯಲ್ಲಿದ್ದ ಸುಮಾರು ಮೂವತ್ತು ಕಪ್ಪು ಯೋಧರೂ ಅಲ್ಲೇ ಮಲಗಿದ್ದಾರೆ. ಬೇರೆ ಸ್ಮಶಾನ ಅಂದರೇನು ಅಂತ ನಮಗೆ ಬಿಡಿಸಿ ಹೇಳಬೇಕೇ?

ಅದೇ 1913ರ ಜುಲೈ ತಿಂಗಳಲ್ಲಿ, ಡೇರೆ ಕಿತ್ತ ಮೇಲೆ, ನ್ಯೂಯಾರ್ಕಿಗೆ ಒಬ್ಬ ಹುಡುಗ ಬಂದಿಳಿದ. ಸುಬೇದಾರ್ ರಾಮ್‌ಜಿ ಸಕ್ಪಾಲರ ಮಗ ಭೀಮರಾವ್. ಬರೋಡದ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಓದೋಕೆ ಬಂದವರು. ಆ ಫೆಬ್ರವರಿಯಲ್ಲಷ್ಟೇ ಅಪ್ಪನನ್ನು ಕಳಕೊಂಡಿದ್ದರು. ಅಪ್ಪ ದುಡಿದ ಸೇನೆಯೇ 1890ರ ದಶಕದಲ್ಲಿ ಮಹಾರರನ್ನು ಸೇರಿಸಿಕೊಳ್ಳೋದು ನಿಲ್ಲಿಸಿತ್ತು. ಬೇಕಾದಾಗ ಬಂದೂಕು ಕೊಟ್ಟು, ಬೇಡವಾದಾಗ ಬಾಗಿಲು ಹಾಕೋದು ಅಲ್ಲೂ ಒಂದೇ, ಇಲ್ಲೂ ಒಂದೇ. 1927ರ ಜನವರಿ 1ರಂದು ಬಾಬಾಸಾಹೇಬರು ಕೋರೆಗಾಂವ್‌ನ ಕಂಬದ ಬಳಿ ನಿಂತರು. 1818ರ ಯುದ್ಧದಲ್ಲಿ ಸತ್ತ ಮಹಾರ್ ಸಿಪಾಯಿಗಳ ಹೆಸರು ಆ ಕಲ್ಲಿನ ಮೇಲಿದೆ. ಹೆಸರಿದ್ದದ್ದಕ್ಕೇ ನಿಲ್ಲೋಕೆ ಒಂದು ಜಾಗ ಸಿಕ್ಕಿತು.

ಗೆಟ್ಟಿಸ್‌ಬರ್ಗಿನ ಕೊನೆಯ ದೊಡ್ಡ ಕೂಟ 1938ರಲ್ಲಿ ಆಯಿತು. ತೊಂಬತ್ತು ದಾಟಿದವರೇ ಹೆಚ್ಚು, ಎರಡು ಸಾವಿರಕ್ಕೂ ಕಡಿಮೆ ಜನ. ಅಧ್ಯಕ್ಷ ರೂಸ್‌ವೆಲ್ಟ್ ಶಾಂತಿಯ ಆರದ ದೀಪದ ಸ್ಮಾರಕವನ್ನು ಅರ್ಪಿಸಿದರು.

ಶಾಂತಿ ಬೇಡ ಅಂತ ನಾವು ಹೇಳ್ತಿಲ್ಲ ಗೆಳೆಯರೇ. ಹೊಡೆದಾಡಿದ ಇಬ್ಬರು ಕೈಕುಲುಕಿದರೆ ಒಳ್ಳೇದೇ. ಆದರೆ ಯಾರ ಬಿಡುಗಡೆಗಾಗಿ ಅಷ್ಟು ರಕ್ತ ಹರಿಯಿತೋ ಅವರನ್ನೇ ಮರೆತು ಕುಲುಕಿದ ಕೈ ಅದು. ನಾಳೆ ನಮ್ಮನ್ನೂ ಯಾವುದಾದರೂ ಸ್ಮಾರಕದ ಮುಂದೆ ಕರೆದು ಕೈ ಮುಗಿ ಅಂದರೆ, ಮುಗಿಯೋಣ. ಮುಗಿಯೋ ಮೊದಲು ಒಂದು ಮಾತು ಕೇಳೋಣ: ಇಲ್ಲಿ ಗುಂಡಿ ತೋಡಿದವರು ಯಾರು? ಅವರನ್ನು ಎಲ್ಲಿ ಹೂತಿದ್ದೀರಿ?