ಗಸಗಸೆ ಇಲ್ಲದ ಅಂಟಿನುಂಡೆ

ಚನ್ನಪಟ್ಟಣದಲ್ಲಿ ಹುಟ್ಟಿ ಬೆಳೆದವರಿಗೆ ಪ್ರವಾಸಿಗರು ಹೊಸಬರಲ್ಲ. ಬೆಂಗಳೂರು-ಮೈಸೂರು ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲಿಸುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಗೊಂಬೆಗೆ ಅರಗು ಹಚ್ಚುವವರನ್ನು "ಫೋಟೋ ತೆಗೀಬಹುದಾ?" ಎಂದು ಕೇಳಿ ತೆಗೆಯುವವರು ಕೆಲವರು, ಕೇಳದೆ ಮುಖಕ್ಕೇ ಫೋನ್ ಹಿಡಿಯುವವರು ಕೆಲವರು. ರಾಮನಗರದ ರಾಮದೇವರ ಬೆಟ್ಟಕ್ಕೆ 'ಶೋಲೆ' ನೆನಪಲ್ಲಿ ಬಂದು, ಅದು ರಣಹದ್ದುಗಳ ವನ್ಯಧಾಮ ಅನ್ನೋದನ್ನೇ ಮರೆತು ಕೂಗಾಡುವವರಿದ್ದಾರೆ. ಕನಕಪುರದ ಸಂಗಮ, ಮೇಕೆದಾಟು ಕಡೆ "ಇಳೀಬ್ಯಾಡಿ, ಸುಳಿ ಐತೆ" ಎಂದು ಊರಿನವರು ಹೇಳಿದರೂ ಕೇಳದೆ ಜೀವ ಕಳೆದುಕೊಂಡವರೂ ಇದ್ದಾರೆ. ಇದನ್ನೆಲ್ಲ ಕಂಡಿದ್ದರಿಂದ, ಮಗಳ ಬಾಣಂತನಕ್ಕೆ ಸಿಂಗಾಪುರಕ್ಕೆ ಹೊರಟಾಗ ಒಂದು ತೀರ್ಮಾನ ಮಾಡಿಕೊಂಡೆ: ಅಲ್ಲಿನವರ ಮಾತು ಮೊದಲು, ನಮ್ಮ ಅಭ್ಯಾಸ ಆಮೇಲೆ.

ಮೊದಲ ಪರೀಕ್ಷೆ ಅಡುಗೆಮನೆಯಲ್ಲೇ ಬಂತು. "ಅಮ್ಮಾ, ಗಸಗಸೆ ಮಾತ್ರ ತರಬೇಡ" ಅಂತ ಮಗಳು ಫೋನಿನಲ್ಲಿ ಹೇಳಿದಳು. ಅಫೀಮು ಗಿಡದ ಬೀಜವಾದ್ದರಿಂದ ಸಿಂಗಾಪುರ, ದುಬೈಗಳಲ್ಲಿ ಅದು ನಿಷಿದ್ಧ. ನಮ್ಮ ಅತ್ತೆಗೆ ಸಿಟ್ಟು ಬಂತು. "ಗಸಗಸೆ ಇಲ್ದೆ ಅದೆಂಥ ಬಾಣಂತನ ಕಣಮ್ಮೀ? ಉಂಡೆ ಒಳಗಿದ್ರೆ ಯಾರಿಗ್ ಗೊತ್ತಾಯ್ತದೆ?" ಅಂದರು. ಉಂಡೆಯೊಳಗಿನ ಗಸಗಸೆಯೂ ಗಸಗಸೆಯೇ ಅತ್ತೆ, ಸಿಕ್ಕಿಬಿದ್ದರೆ ನಾನು ಪೊಲೀಸರ ಮುಂದೆ, ಬಾಣಂತಿ ಒಬ್ಬಳೇ ಮನೆಯಲ್ಲಿ ಎಂದೆ. ಅವರು ಸುಮ್ಮನಾದರು. ಒಣಕೊಬ್ಬರಿ, ಬಾದಾಮಿ, ಬೆಲ್ಲ, ಅಂಟು ಹಾಕಿ ಉಂಡೆ ಕಟ್ಟಿದ್ದಾಯಿತು. ಅತ್ತೆಯ ಎಲೆಅಡಿಕೆ ಚೀಲದ ಹೊಗೆಸೊಪ್ಪೂ ಅಲ್ಲಿಗೆ ಒಯ್ಯುವಂತಿಲ್ಲ, ಚ್ಯೂಯಿಂಗ್ ಗಮ್ಮಿಗೂ 1992ರಿಂದ ನಿಷೇಧವಿದೆ.

ಎರಡನೆಯದು, ಪರರ ಗಂಟು. ವಿಮಾನ ನಿಲ್ದಾಣದಲ್ಲಿ "ಆಂಟಿ, ನಮ್ಮ ತಮ್ಮಂಗೆ ಈ ಪೊಟ್ಟಣ ಕೊಟ್ಬಿಡ್ತೀರಾ?" ಎಂದು ಯಾರಾದರೂ ಕೇಳಿದರೆ ದಾಕ್ಷಿಣ್ಯ ಬೇಡ. ಮಾದಕವಸ್ತು ಸಾಗಣೆಗೆ ಮರಣದಂಡನೆಯವರೆಗೂ ಶಿಕ್ಷೆ ಇರುವ ದೇಶ ಅದು. ಊರಿನವರೇ ಕೊಟ್ಟರೂ ಬಿಚ್ಚಿ ನೋಡಿಯೇ ಇಟ್ಟುಕೊಳ್ಳಿ. ಆ ದೇಶಕ್ಕೆ ಹೋಗುವ ಮುನ್ನ ಆನ್‌ಲೈನಿನಲ್ಲಿ ತುಂಬಬೇಕಾದ ಆಗಮನ ಪತ್ರಕ್ಕೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಅಲ್ಲಿ ಹೋದ ಮೇಲೆ ಸಣ್ಣಪುಟ್ಟವು ಹಲವು. ಮೆಟ್ರೋದಲ್ಲಿ ತಿಂಡಿ ಇರಲಿ, ನೀರು ಕುಡಿಯುವುದೂ ತಪ್ಪು. ಎಸ್ಕಲೇಟರ್‌ನಲ್ಲಿ ಎಡಕ್ಕೆ ನಿಂತು, ಅವಸರದವರಿಗೆ ಬಲಗಡೆ ದಾರಿ ಬಿಡಬೇಕು. ಹೋಟೆಲ್ ಸಾಲುಗಳಲ್ಲಿ ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಕೂರಬೇಡಿ. ನಮ್ಮೂರ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೇ ಅದು! ಉಂಡ ತಟ್ಟೆಯನ್ನು ನಾವೇ ಎತ್ತಿಡಬೇಕು. ಬೆಳಿಗ್ಗೆ ಕಾಗೆಗೆ ಅನ್ನ ಇಡುವ ನನ್ನ ಅಭ್ಯಾಸವನ್ನೂ ಅಲ್ಲಿ ಬಿಟ್ಟೆ. ಕಾಗೆ, ಪಾರಿವಾಳಗಳಿಗೆ ಆಹಾರ ಹಾಕಿದರೆ ದಂಡ ಬೀಳುತ್ತದೆ.

ಪಾಸ್‌ಪೋರ್ಟ್, ವೀಸಾದ ನಕಲು ಒಂದನ್ನು ಬೇರೆ ಚೀಲದಲ್ಲಿಡಿ, ಇನ್ನೊಂದನ್ನು ಮನೆಯಲ್ಲಿ ಕೊಟ್ಟು ಹೋಗಿ. ಮಗಳ ಮನೆ ವಿಳಾಸ, ಪೊಲೀಸರ 999, ಆಂಬುಲೆನ್ಸಿನ 995 ಎಲ್ಲವನ್ನೂ ನಾನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟಿದ್ದೆ. ಫೋನಿನ ಚಾರ್ಜ್ ಮುಗಿದರೂ ಚೀಟಿ ಇರುತ್ತದಲ್ಲ.

ಭಾಷೆಯ ಭಯ ಬೇಡ. ಬಸ್ ನಂಬರ್ ತಿಳಿಯದೆ ನಿಂತಾಗ ಚೀಟಿ ತೋರಿಸಿ, ಮುಗುಳ್ನಕ್ಕು ಕೇಳಿದೆ. ಚೀನೀ ಅಜ್ಜಿಯೊಬ್ಬರು ಬಸ್ ಹತ್ತಿಸಿಯೇ ಹೋದರು. ನಿಮ್ಮ ಮನೆಯಿಂದಲೂ ಯಾರಾದರೂ ಮಕ್ಕಳ ಬಳಿಗೆ ಹೊರಟಿದ್ದರೆ, ಸೂಟ್‌ಕೇಸ್ ಮುಚ್ಚುವ ಮುನ್ನ ಸಾಂಬಾರ ಪದಾರ್ಥದ ಪೊಟ್ಟಣಗಳನ್ನು ಒಮ್ಮೆ ಬಿಚ್ಚಿ ನೋಡಿ.